ಗಾಲ್ಫ್‌ನಲ್ಲಿ ಕೈಹಿಡಿಯುವ ಹೊಡೆತ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳೆಲ್ಲ ಬಲಗೈ ಆಟಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಎಡಗೈಯವರು ಎಡ, ಬಲಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು. ಎಡದಿಂದ ಬಲಕ್ಕೆ ಮೆಲ್ಲಗೆ ಬಾಗುವ ಚೆಂಡು ಫೇಡ್, ಬಲದಿಂದ ಎಡಕ್ಕೆ ಬಾಗುವುದು ಡ್ರಾ. ಇವೇ ಅತಿಯಾದರೆ ಸ್ಲೈಸ್ ಮತ್ತು ಹುಕ್.

ಕೈಹಿಡಿಯುವ ಹೊಡೆತ ಎಂದರೆ ಯಾವುದು?

ಎದೆ ಡವಡವ ಎನ್ನುವಾಗಲೂ, ಎದುರುಗಾಳಿ ಬೀಸುವಾಗಲೂ, ಹಿಂದಿನ ಮೂರು ಹೋಲ್‌ಗಳು, ಅಂದರೆ ಗುಳಿಗೆ ಚೆಂಡು ಸೇರಿಸುವ ಮೂರು ಸರದಿಗಳು, ಕೆಟ್ಟು ತಲೆ ಬಿಸಿಯಾಗಿರುವಾಗಲೂ ಚೆಂಡನ್ನು ಆಟದೊಳಗೆ ಉಳಿಸಬಲ್ಲ ಒಂದು ಹೊಡೆತ. ಅದು ನಿಮ್ಮ ಅತಿ ಉದ್ದದ ಹೊಡೆತವಾಗಬೇಕಿಲ್ಲ. ನೋಡಲು ಚಂದವಿರಬೇಕೆಂದೂ ಇಲ್ಲ. ಆದರೆ ತಪ್ಪಿದಾಗ ಅದು ಯಾವ ಕಡೆಗೆ, ಸುಮಾರು ಎಷ್ಟು ದೂರ ತಪ್ಪುತ್ತದೆ ಎಂಬುದು ಹೊಡೆಯುವ ಮೊದಲೇ ನಿಮಗೆ ಗೊತ್ತಿರಬೇಕು. ಈ ಒಂದು ಗುಣಕ್ಕಾಗಿಯೇ ಇಷ್ಟೆಲ್ಲ ಶ್ರಮ.

ಬಹಳ ಮಂದಿ ಇದನ್ನು ತಮ್ಮ ಅತ್ಯುತ್ತಮ ಹೊಡೆತ ಎಂದು ತಿಳಿಯುತ್ತಾರೆ. ಹತ್ತು ಬಾರಿ ಹೊಡೆದರೆ ಒಮ್ಮೆ ಬೀಳುವ 250 ಗಜದ ಡ್ರೈವ್ (ಹೋಲ್‌ನ ಮೊದಲ ಉದ್ದ ಹೊಡೆತ) ನೆನಪಿನಲ್ಲಿ ಗಟ್ಟಿಯಾಗಿ ಕೂರುತ್ತದೆ, ಉಳಿದ ಒಂಬತ್ತು ಮರೆತುಹೋಗುತ್ತವೆ. ಒತ್ತಡ ಬಂದಾಗ ನೆನಪಿನಲ್ಲಿರುವ ಆ ಒಂದನ್ನು ಹೊಡೆಯಲು ಹೋಗುತ್ತೇವೆ, ಮರೆತ ಒಂಬತ್ತರಲ್ಲಿ ಒಂದು ಬೀಳುತ್ತದೆ.

ಹಾಗಿದ್ದರೆ ನೇರ ಹೊಡೆತವನ್ನೇ ಕಲಿಯಬಾರದೇ? ನೇರಕ್ಕಿಂತ ನಂಬಿಕೆಯದು ಯಾವುದಿದೆ?

ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಬರಬೇಕು ಕೂಡ. ಉತ್ತರಕ್ಕೆ ಒಂದು ಸಣ್ಣ ಲೆಕ್ಕ ಮಾಡೋಣ. ಫೇರ್‌ವೇ, ಅಂದರೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ ನಡುದಾರಿ, 30 ಗಜ ಅಗಲವಿದೆ ಎಂದುಕೊಳ್ಳಿ. ನೇರ ಹೊಡೆತವನ್ನು ನಂಬಿದವರು ಸರಿಯಾಗಿ ನಡುವಿಗೆ ಗುರಿಯಿಡುತ್ತಾರೆ. ಅವರ ಚೆಂಡು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಪ್ಪುತ್ತದೆ. ಅವರಿಗೆ ಯಾವ ಕಡೆಗೆ ನೋಡಿದರೂ ಸಿಗುವ ಜಾಗ 15 ಗಜ ಮಾತ್ರ.

ಈಗ ಸಾಮಾನ್ಯವಾಗಿ 12 ಗಜ ಬಲಕ್ಕೆ ಬಾಗುವ ಫೇಡ್ ಇರುವವರನ್ನು ನೋಡಿ. ಅವರು ನಡುವಿನಿಂದ 12 ಗಜ ಎಡಕ್ಕೆ, ಅಂದರೆ ಎಡ ಅಂಚಿನಿಂದ 3 ಗಜ ಒಳಗೆ ಗುರಿಯಿಡುತ್ತಾರೆ. ಎಂದಿನಂತೆ ಬಾಗಿದರೆ ಚೆಂಡು ನಟ್ಟನಡುವೆ. ಬಾಗದೆ ನೇರ ಹೋದರೆ ಎಡ ಅಂಚಿನ ಒಳಗೇ ಇದೆ. ಎರಡು ಪಟ್ಟು ಬಾಗಿ 24 ಗಜ ಹೊರಳಿದರೂ ಬಲ ಅಂಚಿನಿಂದ 3 ಗಜ ಒಳಗೆ ನಿಲ್ಲುತ್ತದೆ. ಒಂದೇ ಕಡೆಗೆ ತಪ್ಪುವ ಆಟಗಾರನಿಗೆ ಫೇರ್‌ವೇಯ ಇಡೀ ಅಗಲ ಸಿಕ್ಕಂತಾಯಿತು. ಹುಲ್ಲು ಅದೇ, ಅಗಲ ಅದೇ, ಜಾಗ ಮಾತ್ರ ಇಮ್ಮಡಿ. ಈ ಲೆಕ್ಕವನ್ನು ಮೊದಲ ಬಾರಿಗೆ ಕಾಗದದ ಮೇಲೆ ಗೀಚಿ ನೋಡಿದ ದಿನ ನನ್ನ ಆಟದ ದಿಕ್ಕೇ ಬದಲಾಯಿತು.

ದೊಡ್ಡ ಆಟಗಾರರೂ ಇದೇ ದಾರಿ ಹಿಡಿದರು. ಬೆನ್ ಹೋಗನ್ ವರ್ಷಗಟ್ಟಲೆ ಹುಕ್‌ನ ಕಾಟದಿಂದ ನರಳಿ, 1940ರ ದಶಕದಲ್ಲಿ ಅದನ್ನು ಬಿಟ್ಟು ಫೇಡ್‌ಗೆ ಬದಲಾದರು. 1949ರ ಭೀಕರ ಕಾರು ಅಪಘಾತದ ನಂತರ, 1950ರಲ್ಲಿ ಅಮೆರಿಕದ ಮೆರಿಯನ್ ಅಂಗಳದಲ್ಲಿ ಯುಎಸ್ ಓಪನ್ ಗೆದ್ದಾಗಲೂ ಅವರ ಬಲ ಅದೇ ಆಗಿತ್ತು. 18 ಮೇಜರ್‌ಗಳನ್ನು, ಅಂದರೆ ಗಾಲ್ಫ್‌ನ ಅತಿ ದೊಡ್ಡ ಪಂದ್ಯಾವಳಿಗಳನ್ನು, ಗೆದ್ದ ಜಾಕ್ ನಿಕ್ಲಾಸ್ ಅವರ ಒಲವು ಫೇಡ್ ಕಡೆಗೆ, ಲೀ ಟ್ರೆವಿನೊ ಅವರದೂ ಹಾಗೆಯೇ. ಇನ್ನೊಂದು ತುದಿಯಲ್ಲಿ ದಕ್ಷಿಣ ಆಫ್ರಿಕಾದ ಬಾಬಿ ಲಾಕ್ ಇದ್ದಾರೆ. ಚೆಂಡನ್ನು ದೂರ ಬಲಕ್ಕೆ ಹೊರಡಿಸಿ, ಎಡಕ್ಕೆ ಬಾಗಿಸಿ ತರುತ್ತಿದ್ದ ಅವರು 1949, 1950, 1952 ಮತ್ತು 1957ರಲ್ಲಿ ಓಪನ್ ಚಾಂಪಿಯನ್‌ಷಿಪ್ ಗೆದ್ದರು.

ಫೇಡ್ ಒಳ್ಳೆಯದೋ, ಡ್ರಾ ಒಳ್ಳೆಯದೋ?

ನಿಮ್ಮ ಕೈಗೆ ಈಗಾಗಲೇ ಯಾವುದು ಒಗ್ಗಿದೆಯೋ ಅದು. ಫೇಡ್ ಸಾಮಾನ್ಯವಾಗಿ ಸ್ವಲ್ಪ ಎತ್ತರ ಹಾರಿ ಬೇಗ ನಿಲ್ಲುತ್ತದೆ, ಡ್ರಾ ತಗ್ಗಾಗಿ ಹಾರಿ ಬಿದ್ದ ಮೇಲೆ ಇನ್ನಷ್ಟು ಓಡುತ್ತದೆ. ಆದ್ದರಿಂದ ಡ್ರಾದಿಂದ ಕೆಲವು ಗಜ ಹೆಚ್ಚು ಸಿಗಬಹುದು, ಆದರೆ ಅದು ಕೆಟ್ಟರೆ ಓಡುತ್ತ ಓಡುತ್ತ ಮರಗಳ ನಡುವೆ ನುಗ್ಗುತ್ತದೆ. ಎರಡೂ ಸಮಾನವಾಗಿ ಬರುವ ಅಪರೂಪದವರು ನೀವಾದರೆ ಫೇಡ್ ಆರಿಸಿಕೊಳ್ಳಿ ಎನ್ನುತ್ತೇನೆ. ಬೇಗ ನಿಲ್ಲುವ ಚೆಂಡು ತಪ್ಪನ್ನೂ ಬೇಗ ನಿಲ್ಲಿಸುತ್ತದೆ.

ನನ್ನ ಕೈಗೆ ಒಗ್ಗಿರುವುದು ಯಾವುದು ಎಂದು ತಿಳಿಯುವುದು ಹೇಗೆ?

ಇಲ್ಲಿ ಆತುರಪಡಬೇಡಿ. ಈ ಹೊಡೆತವನ್ನು ಹೊರಗಿನಿಂದ ತಂದು ಕೂರಿಸುವುದು ಕಷ್ಟ. ನಿಮ್ಮ ಸ್ವಿಂಗ್‌ನಲ್ಲಿ ಅದರ ಬೀಜ ಆಗಲೇ ಇರುತ್ತದೆ, ಅದನ್ನು ಹುಡುಕಿಕೊಳ್ಳಬೇಕು. ನಾನು ಎರಡು ವರ್ಷ ಡ್ರಾ ಕಲಿಯಲು ಹೆಣಗಿದೆ. ಉದ್ದ ಹೊಡೆಯುವ ಗೆಳೆಯರೆಲ್ಲ ಡ್ರಾ ಹೊಡೆಯುತ್ತಿದ್ದರು ಎಂಬುದೊಂದೇ ಕಾರಣ. ಅಭ್ಯಾಸದಲ್ಲಿ ಬರುತ್ತಿತ್ತು, ಪಂದ್ಯದಲ್ಲಿ ಕೈಕೊಡುತ್ತಿತ್ತು. ಕೊನೆಗೆ ಒಂದು ಸಂಜೆ, ಏನನ್ನೂ ತಿದ್ದುವುದಿಲ್ಲ ಎಂದು ನಿರ್ಧರಿಸಿ ಡ್ರೈವಿಂಗ್ ರೇಂಜ್‌ಗೆ, ಅಂದರೆ ಅಭ್ಯಾಸದ ಮೈದಾನಕ್ಕೆ, ಹೋದೆ.

ಆ ಸಂಜೆ ಮಾಡಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಮೈ ಚೆನ್ನಾಗಿ ಬಿಸಿಯಾದ ಮೇಲೆ 7 ಐರನ್‌ನಲ್ಲಿ (ಮಧ್ಯಮ ದೂರಕ್ಕೆ ಬಳಸುವ ಕ್ಲಬ್) 30 ಚೆಂಡು ಹೊಡೆಯಿರಿ. ನೆಲದ ಮೇಲೆ ಒಂದು ಕೋಲನ್ನು ಗುರಿಯ ಕಡೆಗೆ ಮಲಗಿಸಿ, ಪ್ರತಿ ಬಾರಿಯೂ ಅದಕ್ಕೆ ಸಮಾನಾಂತರವಾಗಿ ನಿಲ್ಲಿ. ಹೊಡೆತದ ಬಗ್ಗೆ ಯೋಚಿಸಬೇಡಿ, ನೋಡಿ ಬರೆದುಕೊಳ್ಳುವುದಷ್ಟೇ ಕೆಲಸ. ಪುಟ್ಟ ಪುಸ್ತಕದಲ್ಲಿ ಪ್ರತಿ ಚೆಂಡಿಗೂ ಎರಡು ಗುರುತು: ಎಲ್ಲಿಂದ ಹೊರಟಿತು, ಯಾವ ಕಡೆಗೆ ಬಾಗಿತು. ಚೆಂಡು ಎಲ್ಲಿ ಬಿತ್ತು ಎಂಬುದನ್ನು ಬರೆಯುವ ಆಸೆ ಬರುತ್ತದೆ. ಸದ್ಯಕ್ಕೆ ಬೇಡ. ಎಡಕ್ಕೆ ಹೊರಟು ಬಲಕ್ಕೆ ಬಾಗಿದ ಚೆಂಡೂ ನೇರ ಹೋದ ಚೆಂಡೂ ಒಂದೇ ಜಾಗದಲ್ಲಿ ಬೀಳಬಹುದು, ಆದರೆ ಅವೆರಡೂ ಬೇರೆ ಬೇರೆ ಹೊಡೆತಗಳು.

ಮೊದಲ ಹತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಯಾರೋ ನೋಡುತ್ತಿದ್ದಾರೆ ಎಂಬಂತೆ ನಾವು ಅವನ್ನು ಎಚ್ಚರದಿಂದ ಹೊಡೆದಿರುತ್ತೇವೆ. ನಿಜ ಕಾಣಿಸುವುದು ನಂತರದ ಇಪ್ಪತ್ತರಲ್ಲಿ. ನನ್ನ ಪುಸ್ತಕದಲ್ಲಿ ಆ ಇಪ್ಪತ್ತರಲ್ಲಿ ಹದಿನಾಲ್ಕು ಬಲಕ್ಕೆ ಬಾಗಿದ್ದವು. ಎರಡು ವರ್ಷ ನಾನು ಹೋರಾಡಿದ್ದು ನನ್ನ ಕೈಹಿಡಿಯಲು ಕಾದಿದ್ದ ಹೊಡೆತದ ಜೊತೆಗೇ.

ಇದೇ ಪರೀಕ್ಷೆಯನ್ನು ಬೇರೆ ದಿನ, ಸಾಧ್ಯವಾದರೆ ದಣಿದಿರುವಾಗ, ಇನ್ನೊಮ್ಮೆ ಮಾಡಿ. ಎರಡೂ ದಿನ ಒಂದೇ ಚಿತ್ರ ಬಂದರೆ ಅದೇ ನಿಮ್ಮದು.

ಎರಡೂ ಕಡೆಗೆ ಸಮವಾಗಿ ಹಂಚಿಹೋಗಿದ್ದರೆ?

ಚೆಂಡು ಕ್ಲಬ್ಬಿನ ಮುಖದ ಯಾವ ಜಾಗಕ್ಕೆ ತಾಗುತ್ತಿದೆ ಎಂದು ನೋಡಿ. ಕಾಲಿನ ಬೆವರಿಗೆಂದು ಸಿಂಪಡಿಸುವ ಪುಡಿಯ ಸ್ಪ್ರೇ ಸಿಗುತ್ತದಲ್ಲ, ಅದನ್ನು ಮುಖದ ಮೇಲೆ ತೆಳ್ಳಗೆ ಹೊಡೆದರೆ ಬಿಳಿ ಪದರ ಕೂರುತ್ತದೆ. ಹೊಡೆದ ಮೇಲೆ ಚೆಂಡಿನ ಗುಳಿಗಳ ಅಚ್ಚು ಅದರಲ್ಲಿ ಸ್ಪಷ್ಟವಾಗಿ, ಕಾಸಿನಗಲದ ಒಂದು ದುಂಡು ಗುರುತಾಗಿ ಮೂಡುತ್ತದೆ. ಐದು ಹೊಡೆತಗಳ ಐದು ಗುರುತುಗಳನ್ನು ಒಟ್ಟಿಗೆ ನೋಡಿದರೆ, ಕನ್ನಡಿ ಹಿಡಿದಂತೆ ಎಲ್ಲ ಗೊತ್ತಾಗುತ್ತದೆ.

ಉದ್ದ ಹೊಡೆತಕ್ಕೆ ಬಳಸುವ ದೊಡ್ಡ ತಲೆಯ ಕ್ಲಬ್‌ಗಳಾದ ಡ್ರೈವರ್ ಮತ್ತು ವುಡ್‌ಗಳಲ್ಲಿ ಇದು ಇನ್ನೂ ಮುಖ್ಯ. ಅವುಗಳ ಮುಖ ಉಬ್ಬಾಗಿರುತ್ತದೆ, ತಲೆಯ ಭಾರ ಮುಖದಿಂದ ಹಿಂದಕ್ಕೆ ಹರಡಿರುತ್ತದೆ. ಹೊರ ತುದಿಗೆ, ಅಂದರೆ ಟೋಗೆ ತಾಗಿದರೆ ತಲೆ ಒಂದು ಕಡೆ ತಿರುಗಿ, ಹಲ್ಲಿನ ಚಕ್ರಗಳು ಒಂದನ್ನೊಂದು ತಿರುಗಿಸುವ ಹಾಗೆ ಚೆಂಡು ಎದುರು ದಿಕ್ಕಿಗೆ ತಿರುಗಿ ಡ್ರಾ ಆಗುತ್ತದೆ. ಒಳ ತುದಿಗೆ, ಹೀಲ್‌ಗೆ ತಾಗಿದರೆ ಫೇಡ್. ನಿಮ್ಮ ಸ್ವಿಂಗ್ ಪ್ರತಿ ಸಲವೂ ಒಂದೇ ಇದ್ದು, ತಾಗುವ ಜಾಗ ಮಾತ್ರ ಅತ್ತಿತ್ತ ಆಗುತ್ತಿರಬಹುದು. ಹಾಗಿದ್ದರೆ ಬಾಗುವಿಕೆಯನ್ನು ತಿದ್ದಲು ಹೋಗಬೇಡಿ. ಚೆಂಡಿನಿಂದ ನಿಮ್ಮ ಕಾಲ್ಬೆರಳುಗಳಿಗಿರುವ ದೂರವನ್ನು ಪ್ರತಿ ಸಲವೂ ಒಂದೇ ಮಾಡಿಕೊಂಡರೆ ಅರ್ಧ ಕಾಯಿಲೆ ಗುಣವಾಗುತ್ತದೆ.

ಚೆಂಡು ಬಾಗುವುದಕ್ಕೆ ನಿಜವಾದ ಕಾರಣವೇನು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೆಯ ಪಾಠ ತಲೆಕೆಳಗಾಗಿತ್ತು. ಚೆಂಡು ಸ್ವಿಂಗ್‌ನ ಹಾದಿಯಲ್ಲಿ, ಅಂದರೆ ಕ್ಲಬ್ಬಿನ ತಲೆ ಚಲಿಸುವ ದಿಕ್ಕಿನಲ್ಲಿ, ಹೊರಟು, ಮುಖ ನೋಡುವ ಕಡೆಗೆ ಬಾಗುತ್ತದೆ ಎಂದು ಬಹುಕಾಲ ಕಲಿಸಲಾಗುತ್ತಿತ್ತು. ಹೊಡೆತವನ್ನು ರಡಾರ್‌ನಿಂದ ಅಳೆಯುವ ಯಂತ್ರಗಳು ಬಂದ ಮೇಲೆ ತರಬೇತಿಯಲ್ಲೂ ಇದು ಬದಲಾಯಿತು. ಚೆಂಡು ಹೊರಡುವ ದಿಕ್ಕನ್ನು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚಾಗಿ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕ್ಲಬ್ಬಿನ ಮುಖ ಎತ್ತ ನೋಡುತ್ತಿದೆ ಎಂಬುದು. ಆಮೇಲಿನ ಬಾಗುವಿಕೆ ಹುಟ್ಟುವುದು ಮುಖಕ್ಕೂ ಹಾದಿಗೂ ಇರುವ ಅಂತರದಿಂದ. ಹಾದಿಗಿಂತ ಮುಖ ಬಲಕ್ಕಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ, ಎಡಕ್ಕಿದ್ದರೆ ಎಡಕ್ಕೆ.

ಉದಾಹರಣೆಗೆ ಹಾದಿ ಗುರಿಯಿಂದ 4 ಡಿಗ್ರಿ ಎಡಕ್ಕೆ, ಮುಖ 2 ಡಿಗ್ರಿ ಎಡಕ್ಕೆ ಇದೆ ಎಂದುಕೊಳ್ಳಿ. ಚೆಂಡು ಎಡಕ್ಕೆ ಹೊರಟು ಗುರಿಯ ಕಡೆಗೆ ಮರಳುತ್ತದೆ. ಇದೇ ಚೊಕ್ಕ ಫೇಡ್. ಮುಖವನ್ನು ಗುರಿಗೇ ನೇರವಾಗಿ ಇಟ್ಟರೆ ಚೆಂಡು ಗುರಿಯ ಹತ್ತಿರವೇ ಹೊರಟು ಅಲ್ಲಿಂದ ಬಲಕ್ಕೆ ಹೋಗಿಬಿಡುತ್ತದೆ. ಫೇಡ್ ಹೊಡೆಯಲು ಹೋಗಿ ಗ್ರೀನ್‌ನ (ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ) ಬಲಬದಿಯ ಬಂಕರ್‌ಗೆ (ಮರಳಿನ ಗುಂಡಿಗೆ) ಬೀಳುವವರಲ್ಲಿ ಹೆಚ್ಚಿನವರದು ಇದೇ ಕಥೆ: ಮೈಯನ್ನು ಎಡಕ್ಕೆ ತಿರುಗಿಸಿದ್ದಾರೆ, ಮುಖವನ್ನು ಮಾತ್ರ ಬಾವುಟಕ್ಕೆ ನೆಟ್ಟಿದ್ದಾರೆ.

ಎಷ್ಟು ಸೂಕ್ಷ್ಮ ನೋಡಿ: ಹೊರಡುವ ದಿಕ್ಕಿನಲ್ಲಿ 1 ಡಿಗ್ರಿ ವ್ಯತ್ಯಾಸವಾದರೆ 200 ಗಜ ದೂರದಲ್ಲಿ ಸುಮಾರು ಮೂರೂವರೆ ಗಜ ಆಚೀಚೆ ಆಗುತ್ತದೆ.

ಫೇಡ್ ನನ್ನದು ಎಂದು ಗೊತ್ತಾಯಿತು. ಅದನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಹೆಚ್ಚಿನ ಕೆಲಸವನ್ನು ನಿಲ್ಲುವ ಭಂಗಿಗೇ ಒಪ್ಪಿಸಿಬಿಡಿ. ಸ್ವಿಂಗ್‌ನ ನಡುವೆ ಕೈಗಳಿಂದ ಏನನ್ನಾದರೂ ಮಾಡಿ ಚೆಂಡನ್ನು ಬಾಗಿಸುವ ಹೊಡೆತ ಒತ್ತಡದಲ್ಲಿ ಉಳಿಯುವುದಿಲ್ಲ.

ಪಾದ, ಸೊಂಟ, ಭುಜ ಮೂರನ್ನೂ ಗುರಿಯಿಂದ ಸ್ವಲ್ಪ ಎಡಕ್ಕೆ ತಿರುಗಿಸಿ. ಮುಖವನ್ನು ಗುರಿಗೂ ಭುಜದ ಗೆರೆಗೂ ನಡುವೆ ಇಡಿ. ಚೆಂಡನ್ನು ಎಂದಿಗಿಂತ ಅರ್ಧ ಚೆಂಡಿನಷ್ಟು ಮುಂದೆ, ಎಡ ಪಾದದ ಕಡೆಗೆ ಇಡಿ, ಏಕೆಂದರೆ ಸ್ವಿಂಗ್ ಒಂದು ಕಮಾನು, ಮುಂದೆ ಹೋದಷ್ಟೂ ಅದು ಎಡಕ್ಕೆ ತಿರುಗುತ್ತದೆ. ಎಡಗೈ ಹಿಡಿತದಲ್ಲಿ ಮೇಲಿನಿಂದ ನೋಡಿದಾಗ ಎರಡು ಗೆಣ್ಣು ಕಂಡರೆ ಸಾಕು, ಮೂರ್ನಾಲ್ಕು ಕಂಡರೆ ಮುಖ ಬೇಗ ಮುಚ್ಚಿಕೊಳ್ಳುತ್ತದೆ. ಆಮೇಲೆ ನಿಮ್ಮ ಭುಜದ ಗೆರೆಯಲ್ಲೇ ಎಂದಿನ ಸ್ವಿಂಗ್ ಮಾಡಿ. ಎದೆ ತಿರುಗುವುದನ್ನು ಮಾತ್ರ ನಿಲ್ಲಿಸಬೇಡಿ. ಎದೆ ನಿಂತರೆ ಕೈಗಳು ಹೊರಳುತ್ತವೆ, ಹೊರಳಿದರೆ ಚೆಂಡು ಎಡಕ್ಕೆ ಹೊರಟು ಎಡಕ್ಕೇ ಬಾಗುತ್ತದೆ. ಫೇಡ್ ಆಟಗಾರನಿಗೆ ಅದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಅದನ್ನೊಂದನ್ನು ಆಟದಿಂದ ಅಳಿಸಿಹಾಕುವವರೆಗೂ ಈ ಹೊಡೆತ ಇನ್ನೂ ಕೈಹಿಡಿದಿಲ್ಲ ಎಂದೇ ತಿಳಿಯಿರಿ.

ಅಭ್ಯಾಸಕ್ಕೆ ಎರಡು ಕೋಲು ಬೇಕು. ಚೆಂಡಿನ ಮುಂದೆ ನಾಲ್ಕೈದು ಹೆಜ್ಜೆ ದೂರದಲ್ಲಿ, ಗುರಿಯ ಗೆರೆಗಿಂತ ಸ್ವಲ್ಪ ಎಡಕ್ಕೆ, ಎರಡನ್ನೂ ಬಾಗಿಲಿನಂತೆ ನೆಡಿ. ಮೊದಮೊದಲು ನಡುವೆ ಎರಡು ಮೊಳ ಅಂತರ ಇರಲಿ. ಚೆಂಡು ಆ ಬಾಗಿಲಿನಿಂದ ಹೊರಟು, ಆಮೇಲೆ ಬಲಕ್ಕೆ ಮರಳಬೇಕು. ಹೊರಡುವ ದಿಕ್ಕು ಕೈಗೆ ಬಂದರೆ ಬಾಗುವಿಕೆ ತಾನಾಗಿ ಹಿಂಬಾಲಿಸುತ್ತದೆ ಎಂಬುದು ನನ್ನ ಅನುಭವ.

ನನ್ನದು ಡ್ರಾ. ಅದಕ್ಕೂ ಇದೇ ಕ್ರಮವೇ?

ಇದರ ಕನ್ನಡಿ ಬಿಂಬ. ಮೈ ಸ್ವಲ್ಪ ಬಲಕ್ಕೆ, ಮುಖ ಗುರಿಗೂ ಭುಜದ ಗೆರೆಗೂ ನಡುವೆ, ಚೆಂಡು ಕೂದಲೆಳೆಯಷ್ಟು ಹಿಂದೆ. ನಿಮ್ಮ ಶತ್ರು ಬಲಕ್ಕೆ ಹೊರಟು ಬಲದಲ್ಲೇ ಉಳಿಯುವ ಚೆಂಡು.

ನನ್ನ ಚೆಂಡು 40 ಗಜ ಬಲಕ್ಕೆ ಹೋಗುತ್ತದೆ. ಆ ಸ್ಲೈಸನ್ನೇ ಫೇಡ್ ಎಂದು ಒಪ್ಪಿಕೊಳ್ಳಬಹುದೇ?

ಇನ್ನೂ ಇಲ್ಲ, ಆದರೆ ನೀವು ಅಂದುಕೊಂಡದ್ದಕ್ಕಿಂತ ಹತ್ತಿರದಲ್ಲಿದ್ದೀರಿ. ಸ್ಲೈಸ್ ಇರುವವರಿಗೆ ಎಲ್ಲರೂ ಡ್ರಾ ಕಲಿಯಲು ಹೇಳುತ್ತಾರೆ. ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿಸುವ ಆ ಚಿಕಿತ್ಸೆ ಹಲವರನ್ನು ನಡುನೀರಿನಲ್ಲಿ ಬಿಡುತ್ತದೆ. 40 ಗಜವನ್ನು 15ಕ್ಕೆ ಇಳಿಸುವುದು ಅದಕ್ಕಿಂತ ಬಹಳ ಸುಲಭ. ಸಾಮಾನ್ಯವಾಗಿ ಎಡಗೈ ಹಿಡಿತವನ್ನು ಬಲಕ್ಕೆ ಸ್ವಲ್ಪ ತಿರುಗಿಸಿ, ಇನ್ನೊಂದು ಗೆಣ್ಣು ಕಾಣುವಂತೆ ಮಾಡಿದರೆ ಮುಖ ಅಷ್ಟೊಂದು ತೆರೆದುಕೊಳ್ಳುವುದಿಲ್ಲ. ಸ್ಲೈಸ್‌ಗೆ ಹೆದರಿ ಪ್ರತಿ ಬಾರಿಯೂ ಇನ್ನಷ್ಟು ಎಡಕ್ಕೆ ನಿಲ್ಲುವ ಅಭ್ಯಾಸವಾಗಿದ್ದರೆ ಅದನ್ನು ಬಿಡಿ, ಎಡಕ್ಕೆ ನಿಂತಷ್ಟೂ ಹಾದಿ ಎಡಕ್ಕೆ ಹೋಗಿ ಬಾಗುವಿಕೆ ಹೆಚ್ಚಾಗುತ್ತದೆ.

ಯಾವ ಕ್ಲಬ್‌ನಿಂದ ಆರಂಭಿಸಬೇಕು?

ಕಲಿಯಲು 7 ಐರನ್. ಟೀಯಿಂದ, ಅಂದರೆ ಹೋಲ್ ಶುರುವಾಗುವ ಜಾಗದಿಂದ, ಹೊಡೆಯುವ ನಂಬಿಕೆಯ ಹೊಡೆತಕ್ಕೆ ಹೈಬ್ರಿಡ್ (ಐರನ್, ವುಡ್ ಎರಡರ ಗುಣವೂ ಬೆರೆತ ಕ್ಲಬ್) ಅಥವಾ 3 ವುಡ್. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್ ಒಯ್ಯಬಹುದು, ಆದರೆ ಹದಿನಾಲ್ಕನ್ನೂ ಸಮನಾಗಿ ನಂಬುವ ಆಟಗಾರರನ್ನು ನಾನು ಕಂಡಿಲ್ಲ. ಯಾವ ಕ್ಲಬ್ ಹೊರತೆಗೆದಾಗ ಭುಜಗಳು ತಾವಾಗಿ ಕೆಳಗಿಳಿಯುತ್ತವೆಯೋ ಅದು ನಿಮ್ಮದು. ಡ್ರೈವರ್ ಆ ಕ್ಲಬ್ ಆಗಿದ್ದರೆ ಬಹಳ ಸಂತೋಷ. ಹೆಚ್ಚಿನವರಿಗೆ ಆಗಿರುವುದಿಲ್ಲ.

ಗಾಳಿ ಜೋರಾದಾಗ, ಕೈ ನಡುಗುವಾಗ ಬೇರೆ ಹೊಡೆತ ಬೇಕೇ?

ಅದೇ ಹೊಡೆತದ ತಗ್ಗಿನ ರೂಪ ಒಂದನ್ನು ಕಲಿತಿರಿ. ಪಂಚ್ ಎಂದು ಕರೆಯುವ ಈ ಹೊಡೆತದ ಮೇಲೆ ನನಗೆ ಎಲ್ಲಕ್ಕಿಂತ ಪ್ರೀತಿ ಹೆಚ್ಚು. ಹಿಡಿಯನ್ನು ಒಂದು ಅಂಗುಲ ಕೆಳಗೆ ಹಿಡಿಯಿರಿ. ಚೆಂಡನ್ನು ಎಂದಿಗಿಂತ ಒಂದು ಚೆಂಡಿನಷ್ಟು ಹಿಂದಿಡಿ. ಭಾರ ಸ್ವಲ್ಪ ಹೆಚ್ಚಾಗಿ ಎಡಗಾಲಿನ ಮೇಲಿರಲಿ, ಕೈಗಳು ಚೆಂಡಿಗಿಂತ ಮುಂದಿರಲಿ. ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಎದೆಯ ಮಟ್ಟದಲ್ಲೇ ಮುಗಿಸಿ. ದೂರ ಕಡಿಮೆಯಾಗುವುದರಿಂದ ಒಂದೋ ಎರಡೋ ಕ್ಲಬ್ ಹೆಚ್ಚಿನದನ್ನು ತೆಗೆದುಕೊಳ್ಳಿ: 8 ಐರನ್ ದೂರಕ್ಕೆ 7 ಅಥವಾ 6 (ಸಂಖ್ಯೆ ಕಡಿಮೆಯಾದಷ್ಟೂ ಚೆಂಡು ದೂರ ಹೋಗುತ್ತದೆ).

ಎದುರುಗಾಳಿಯಲ್ಲಿ ಎಲ್ಲರೂ ಮಾಡುವ ತಪ್ಪು ಬಲವಾಗಿ ಹೊಡೆಯುವುದು. ಬಲವಾಗಿ ಹೊಡೆದಷ್ಟೂ ಚೆಂಡು ಹಿಮ್ಮುಖವಾಗಿ ಹೆಚ್ಚು ಸುತ್ತುತ್ತದೆ, ಸುತ್ತಿದಷ್ಟೂ ಮೇಲೇರುತ್ತದೆ, ಮೇಲೇರಿದಷ್ಟೂ ಗಾಳಿ ಅದನ್ನು ಹಿಡಿದು ನಿಲ್ಲಿಸುತ್ತದೆ. ಮೆಲ್ಲಗೆ ಹೊಡೆದ ಚೆಂಡು ಗಾಳಿಯ ಕೆಳಗೆ ನುಸುಳಿ ಹೋಗುವುದನ್ನು ನೋಡುವುದೇ ಒಂದು ಸುಖ.

ತಗ್ಗಿನ ಹೊಡೆತದ ಬೆಲೆ ತಿಳಿಯಬೇಕಾದರೆ 2006ರ ಓಪನ್ ಚಾಂಪಿಯನ್‌ಷಿಪ್ ನೆನಪಿಸಿಕೊಳ್ಳಬೇಕು. ಇಂಗ್ಲೆಂಡಿನ ಹೊಯ್‌ಲೇಕ್‌ನ ರಾಯಲ್ ಲಿವರ್‌ಪೂಲ್ ಅಂಗಳ ಒಣಗಿ ಗಟ್ಟಿಯಾಗಿತ್ತು. ಟೈಗರ್ ವುಡ್ಸ್ ನಾಲ್ಕು ದಿನಗಳ 72 ಹೋಲ್‌ಗಳಲ್ಲಿ ಡ್ರೈವರ್ ಬಳಸಿದ್ದು ಒಂದೇ ಬಾರಿ. ಉದ್ದ ಐರನ್‌ಗಳಿಂದಲೂ 3 ವುಡ್‌ನಿಂದಲೂ ಚೆಂಡನ್ನು ಫೇರ್‌ವೇ ಬಂಕರ್‌ಗಳಿಗಿಂತ ಈಚೆಗೇ ನಿಲ್ಲಿಸುತ್ತ ಹೋಗಿ, ಎರಡು ಹೊಡೆತಗಳ ಅಂತರದಿಂದ ಗೆದ್ದರು. ದೂರ ಹೊಡೆಯುವುದರಲ್ಲಿ ಯಾರಿಗೂ ಕಡಿಮೆಯಿಲ್ಲದ ಆಟಗಾರ ದೂರವನ್ನು ಬಿಟ್ಟುಕೊಟ್ಟು ನಂಬಿಕೆಯನ್ನು ಆರಿಸಿಕೊಂಡ ವಾರ ಅದು.

ನನ್ನ ಸ್ವಿಂಗ್ ನೋಡಲು ಚೆನ್ನಾಗಿಲ್ಲ. ಮೊದಲು ಅದನ್ನು ಸರಿಪಡಿಸಬೇಕಲ್ಲವೇ?

ಬೇಕಿಲ್ಲ. ಜಿಮ್ ಫ್ಯೂರಿಕ್ ಅವರ ಸ್ವಿಂಗ್ ಮೇಲೆ ಹೋಗುವಾಗ ಒಂದು ದಾರಿ, ಕೆಳಗೆ ಬರುವಾಗ ಇನ್ನೊಂದು ದಾರಿ ಹಿಡಿದು ದೊಡ್ಡ ಕುಣಿಕೆ ಹಾಕುತ್ತದೆ. ಯಾವ ಪಾಠದಲ್ಲೂ ಅದನ್ನು ಕಲಿಸುವುದಿಲ್ಲ. ಅದೇ ಸ್ವಿಂಗ್‌ನಿಂದ ಅವರು 2003ರಲ್ಲಿ ಯುಎಸ್ ಓಪನ್ ಗೆದ್ದರು, 2016ರಲ್ಲಿ ಅಮೆರಿಕದ ವೃತ್ತಿಪರರ ಪಂದ್ಯಸರಣಿಯಾದ ಪಿಜಿಎ ಟೂರ್‌ನ ಒಂದು ಸುತ್ತನ್ನು 58 ಹೊಡೆತಗಳಲ್ಲಿ ಮುಗಿಸಿದರು. ಚೆಂಡಿಗೆ ಗೊತ್ತಾಗುವುದು ತಾಗುವ ಆ ಒಂದು ಕ್ಷಣ ಮಾತ್ರ. ಆ ಕ್ಷಣ ಮತ್ತೆ ಮತ್ತೆ ಒಂದೇ ರೀತಿ ಬರುತ್ತಿದ್ದರೆ ಉಳಿದದ್ದನ್ನು ಮುಟ್ಟಬೇಡಿ.

ರೇಂಜ್‌ನಲ್ಲಿ ಹತ್ತಕ್ಕೆ ಹತ್ತು ಬರುತ್ತದೆ, ಅಂಗಳಕ್ಕೆ ಹೋದರೆ ಮಾಯವಾಗುತ್ತದೆ. ಏಕೆ?

ನನಗೆ ಹೆಚ್ಚಾಗಿ ಬರುವ ಪ್ರಶ್ನೆ ಇದು, ಇದರ ಹಿಂದಿರುವ ನೋವನ್ನೂ ಬಲ್ಲೆ. ರೇಂಜ್‌ನಲ್ಲಿ ಒಂದೇ ಕ್ಲಬ್ ಹಿಡಿದು, ಒಂದೇ ಗುರಿಗೆ, ಒಂದರ ಹಿಂದೆ ಒಂದು ಹೊಡೆಯುತ್ತೇವೆ. ಐದನೆಯ ಚೆಂಡು ನಾಲ್ಕನೆಯದರ ತಪ್ಪನ್ನು ತಿದ್ದುತ್ತದೆ. ಅಂಗಳದಲ್ಲಿ ಆ ಐದನೆಯ ಚೆಂಡೇ ಇಲ್ಲ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವೆ ಹಲವು ನಿಮಿಷದ ನಡಿಗೆ, ಬೇರೆ ಕ್ಲಬ್, ಬೇರೆ ನೆಲ.

ಚಲನೆಯ ಕಲಿಕೆಯ ಬಗ್ಗೆ ಶೇ ಮತ್ತು ಮಾರ್ಗನ್ 1979ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಬೆಳಕು ಹಿಡಿಯುತ್ತದೆ. ಗಾಲ್ಫ್ ಅಲ್ಲ, ಕೈಯ ಬೇರೊಂದು ಸರಳ ಕೆಲಸವನ್ನು ಅವರು ಬಳಸಿದರು. ಒಂದೇ ಬಗೆಯನ್ನು ಸಾಲಾಗಿ ಅಭ್ಯಾಸ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಬಗೆಗಳನ್ನು ಕಲಸಿ ಅಭ್ಯಾಸ ಮಾಡಿದವರು ಆಗ ತಡವರಿಸಿದರೂ, ನಂತರದ ಪರೀಕ್ಷೆಯಲ್ಲಿ ಅವರೇ ಮೇಲಾದರು.

ಹೀಗೆ ಮಾಡಿ ನೋಡಿ. 50 ಚೆಂಡಿದ್ದರೆ ಮೊದಲ 20 ಒಂದೇ ಬಗೆಯಲ್ಲಿ ಹೊಡೆದು ಹೊಡೆತವನ್ನು ನೆನಪಿಗೆ ತಂದುಕೊಳ್ಳಿ. ಉಳಿದ 30ರಲ್ಲಿ ಒಂದೇ ಕ್ಲಬ್ ಎರಡು ಸಲ ಒಟ್ಟಿಗೆ ಬರಬಾರದು, ಗುರಿಯೂ ಬದಲಾಗುತ್ತಿರಬೇಕು. ಪ್ರತಿ ಚೆಂಡಿಗೂ ಹಿಂದೆ ಸರಿದು, ಗುರಿ ನೋಡಿ, ಮತ್ತೆ ಬಂದು ನಿಲ್ಲಿ. ಕಣ್ಣಿಗೆ ಕಾಣುವ ಎರಡು ಗುರುತುಗಳ ನಡುವೆ ಒಂದು ಫೇರ್‌ವೇಯನ್ನು ಕಲ್ಪಿಸಿಕೊಳ್ಳಿ. ಕೊನೆಯ 10 ಚೆಂಡುಗಳಲ್ಲಿ 7 ಅದರೊಳಗೆ ಬೀಳಬೇಕು. ಏಳನೆಯದು ಬಾಕಿಯಿದ್ದು ಒಂದೇ ಚೆಂಡು ಉಳಿದಾಗ ಅಂಗೈ ಬೆವರತೊಡಗುತ್ತದೆ. ಆ ಬೆವರು ಬೇಕು, ಅದು ಬರುವವರೆಗೆ ನಿಜವಾದ ಅಭ್ಯಾಸ ಶುರುವಾಗಿರುವುದಿಲ್ಲ.

ಎಷ್ಟು ದಿನ ಹಿಡಿಯುತ್ತದೆ?

ಹುಡುಕಲು ಎರಡು ಮೂರು ಸಂಜೆ, ಭಂಗಿ ಕೂರಲು ಕೆಲವು ವಾರ. ನಂಬಿಕೆ ಬರಲು ನನಗೆ ಒಂದು ಇಡೀ ಋತು ಬೇಕಾಯಿತು. ಒಮ್ಮೆ ಕೂತರೆ ಅದನ್ನು ಉಳಿಸಿಕೊಳ್ಳುವುದು ಸುಲಭ. ಫೇಡ್ ಒಂದನ್ನೇ ನೆಚ್ಚಿಕೊಂಡು ಪಿಜಿಎ ಟೂರ್‌ನಲ್ಲಿ 13 ಬಾರಿ ಗೆದ್ದ ಬ್ರೂಸ್ ಲೀಟ್ಜ್‌ಕೆ ತಿಂಗಳುಗಟ್ಟಲೆ ಕ್ಲಬ್ ಮುಟ್ಟದೆ ಇರುವುದಕ್ಕೆ ಹೆಸರಾಗಿದ್ದರು. ಅದನ್ನು ಪರೀಕ್ಷಿಸಲು ಅವರ ಕ್ಯಾಡಿ, ಅಂದರೆ ಕ್ಲಬ್‌ಗಳ ಚೀಲ ಹೊರುವ ಸಹಾಯಕ, ಋತು ಮುಗಿದಾಗ ಡ್ರೈವರ್‌ನ ಹೊದಿಕೆಯೊಳಗೆ ಬಾಳೆಹಣ್ಣೊಂದನ್ನು ಇಟ್ಟಿದ್ದನೆಂದೂ, ಹೊಸ ಋತುವಿನಲ್ಲಿ ಅದು ಅಲ್ಲೇ ಕೊಳೆತು ಸಿಕ್ಕಿತೆಂದೂ ಗಾಲ್ಫ್ ಲೋಕದಲ್ಲಿ ಇಂದಿಗೂ ಹೇಳುತ್ತಾರೆ.

ಮೊದಲ ಟೀಯಲ್ಲಿ ಎಲ್ಲರೂ ನೋಡುತ್ತಿರುವಾಗ ಏನು ಮಾಡಲಿ?

ಹೊಡೆತಕ್ಕೆ ಮುಂಚಿನ ಕ್ರಮ ಎಂದಿನದೇ ಇರಲಿ, ಎಂದಿನ ವೇಗದಲ್ಲೇ ಇರಲಿ. ಹೆದರಿಕೆ ಮೊದಲು ಕೆಡಿಸುವುದು ವೇಗವನ್ನು. ನಿಕ್ಲಾಸ್ ಚೆಂಡಿನ ಹಿಂದೆ ನಿಂತು, ಗುರಿಯ ಗೆರೆಯಲ್ಲೇ ಚೆಂಡಿನಿಂದ ಒಂದೆರಡು ಅಡಿ ಮುಂದಿರುವ ಒಂದು ಎಲೆಯನ್ನೋ ಹುಲ್ಲಿನ ಕಲೆಯನ್ನೋ ಆರಿಸಿ, ಕ್ಲಬ್ಬಿನ ಮುಖವನ್ನು ಅದಕ್ಕೆ ಹೊಂದಿಸುತ್ತಿದ್ದರು. 200 ಗಜ ದೂರದ ಮರಕ್ಕೆ ಮುಖವನ್ನು ಹೊಂದಿಸುವುದು ಕಷ್ಟ, ಕಾಲ ಬುಡದ ಎಲೆಗೆ ಸುಲಭ. ಹೆದರಿದ ಮನಸ್ಸಿಗೆ ಸುಲಭದ ಕೆಲಸ ಕೊಡಬೇಕು.

ನಾನು ಇದಕ್ಕೆ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ: ಎಲೆಯನ್ನು ಆರಿಸಿದ ಮೇಲೆ ಒಂದು ಉದ್ದನೆಯ ಉಸಿರು ಬಿಡುವುದು, ಬಿಟ್ಟ ಉಸಿರಿನ ಕೊನೆಯಲ್ಲಿ ಚೆಂಡಿನತ್ತ ಹೆಜ್ಜೆಯಿಡುವುದು. ಒಮ್ಮೆ ಪಂದ್ಯದ ಕೊನೆಯ ಹೋಲ್‌ನಲ್ಲಿ, ಎಡಕ್ಕೆ ಕೆರೆ, ಬಲಕ್ಕೆ ಮರಗಳು, ನಾನು ಒಂದು ಹೊಡೆತದಿಂದ ಮುಂದಿದ್ದೆ. ಟೀಯ ಮುಂದೆ ಹಳದಿ ತಿರುಗಿದ ಒಂದು ಹುಲ್ಲಿನ ಎಸಳಿತ್ತು, ತುದಿ ಎರಡಾಗಿ ಸೀಳಿತ್ತು. ಹೈಬ್ರಿಡ್‌ನ ಮುಖವನ್ನು ಅದಕ್ಕೆ ಹೊಂದಿಸಿದೆ. ಚೆಂಡು ಕೆರೆಯ ಅಂಚಿನ ಮೇಲೆ ಹೊರಟಿತು, ಜೊತೆಗಿದ್ದವರು ಅಯ್ಯೋ ಎಂದರು. ನನಗೆ ಮಾತ್ರ ಅದು ಮರಳುತ್ತದೆಂದು ಗೊತ್ತಿತ್ತು, ಮರಳಿತು. ಅಂದಿನ ಆ ಎಸಳು ಇಂದಿಗೂ ಕಣ್ಣ ಮುಂದಿದೆ.

ಈ ಹೊಡೆತವನ್ನು ಬಳಸಬಾರದ ಸಂದರ್ಭ ಇದೆಯೇ?

ನೆಲ ಬೇಡ ಎಂದಾಗ. ಚೆಂಡು ನಿಮ್ಮ ಪಾದಕ್ಕಿಂತ ಎತ್ತರದಲ್ಲಿದ್ದರೆ ಅದು ಎಡಕ್ಕೆ ಹೋಗಲು ಬಯಸುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಎತ್ತರದ ಚೆಂಡಿನಿಂದ ಫೇಡ್ ಹೊಡೆಯಲು ಹೋಗುವುದು ಇಳಿಜಾರಿನ ಜೊತೆ ಜಗಳ. ಅಂಥ ಕಡೆ ಇಳಿಜಾರು ಕೊಡುವ ಹೊಡೆತವನ್ನೇ ತೆಗೆದುಕೊಂಡು ಅದಕ್ಕೆ ತಕ್ಕಂತೆ ಗುರಿ ಸರಿಸಿ. ರಫ್‌ನಲ್ಲಿ, ಅಂದರೆ ಫೇರ್‌ವೇ ಆಚೆಯ ಉದ್ದ ಹುಲ್ಲಿನಲ್ಲಿ, ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಂಡರೆ ಚೆಂಡಿನ ಸುತ್ತು ಕಡಿಮೆಯಾಗಿ, ಬಾಗುವಿಕೆಯನ್ನೂ ದೂರವನ್ನೂ ನೆಚ್ಚಲಾಗದು. ಆಗ ಗ್ರೀನ್‌ನ ನಡುವಿಗೆ ಹೊಡೆಯಿರಿ. ಹೋಲ್ ಎಡಕ್ಕೆ ತೀರಾ ತಿರುಗಿದ್ದು ನಿಮ್ಮದು ಫೇಡ್ ಆಗಿದ್ದರೆ, ಚಿಕ್ಕ ಕ್ಲಬ್ ತೆಗೆದು ತಿರುವಿನ ಬಾಯಿಗೆ ಹೊಡೆದು ನಿಲ್ಲಿಸಿ. ಒಂದು ಹೊಡೆತ ನಷ್ಟವಾದೀತು, ಮೂರು ಆಗುವುದಿಲ್ಲ.

ಗ್ರೀನ್ ಸುತ್ತಲೂ ಇಂಥದ್ದೊಂದು ಬೇಕೇ?

ಖಂಡಿತ ಬೇಕು, ಅದು ತಗ್ಗಾಗಿ ಹಾರಿ ಉರುಳುವ ಚಿಪ್ ಆಗಿರಲಿ. ಹಳೆಯ ಒಂದು ಲೆಕ್ಕ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ: 12ರಿಂದ ಐರನ್‌ನ ಸಂಖ್ಯೆಯನ್ನು ಕಳೆಯಿರಿ. 8 ಐರನ್ ಆದರೆ ಉಳಿಯುವುದು 4, ಅಂದರೆ ಚೆಂಡು ಗಾಳಿಯಲ್ಲಿ ಒಂದು ಪಾಲು ಹೋದರೆ ನೆಲದ ಮೇಲೆ ಸುಮಾರು ನಾಲ್ಕು ಪಾಲು ಉರುಳುತ್ತದೆ. 9 ಐರನ್‌ಗೆ ಮೂರು ಪಾಲು. ಪಿಚಿಂಗ್ ವೆಜ್ ಅನ್ನು 10 ಎಂದು ಹಿಡಿದರೆ ಎರಡು ಪಾಲು. ಇದು ಸಮತಟ್ಟಾದ, ಮಧ್ಯಮ ವೇಗದ ಗ್ರೀನ್‌ಗೆ. ಏರು, ಇಳಿಜಾರುಗಳಿಗೆ ಕಣ್ಣಳತೆಯಿಂದ ಹೊಂದಿಸಿಕೊಳ್ಳಬೇಕು. ಸ್ವಿಂಗ್ ಒಂದೇ, ಕ್ಲಬ್ ಮಾತ್ರ ಬದಲಾಗುತ್ತದೆ.

ಒಂದು ದಿನ ಅದೂ ಕೈಕೊಟ್ಟರೆ?

ಕೈಕೊಡುತ್ತದೆ. ಆಟದ ನಡುವೆ ದುರಸ್ತಿಗೆ ಇಳಿಯಬೇಡಿ. ಮೊದಲು ನೀವು ನಿಂತ ಕಡೆಯನ್ನು ಪರೀಕ್ಷಿಸಿ, ಏಕೆಂದರೆ ವಾರಗಳು ಕಳೆದಂತೆ ಪಾದಗಳು ಗೊತ್ತಿಲ್ಲದೆ ಸರಿದಿರುತ್ತವೆ. ಕ್ಲಬ್ಬನ್ನು ಪಾದದ ತುದಿಗಳಿಗೆ ತಾಗಿಸಿ ನೆಲದಲ್ಲಿ ಇಟ್ಟು, ಹಿಂದೆ ಹೋಗಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಪಂದ್ಯದ ಸುತ್ತಿನಲ್ಲಿ ದಿಕ್ಕು ನೋಡಲು ಹೀಗೆ ಕ್ಲಬ್ ಇಟ್ಟು ನಿಂತರೆ ದಂಡ ಬೀಳುತ್ತದೆ, ಆದ್ದರಿಂದ ಇದು ಅಭ್ಯಾಸಕ್ಕೆ ಮಾತ್ರ. ಅಂಗಳದಲ್ಲಿ ಉಳಿದ ಹೋಲ್‌ಗಳಿಗೆ ಪಂಚ್‌ಗೆ ಮರಳಿ, ಅರ್ಧ ಸ್ವಿಂಗ್‌ನಲ್ಲಿ ಕೆಡಬಹುದಾದದ್ದೂ ಅರ್ಧವೇ.

ಎರಡನೆಯ ಹೊಡೆತ ಯಾವಾಗ ಕಲಿಯಬೇಕು?

ಮೊದಲನೆಯದು ಸತತ ಐದು ಸುತ್ತುಗಳಲ್ಲಿ ತಪ್ಪಾದ ಕಡೆಗೆ ಒಮ್ಮೆಯೂ ಹೋಗದಿದ್ದಾಗ. ಅಲ್ಲಿಯವರೆಗೆ, ನಿಮ್ಮ ಪುಸ್ತಕದಲ್ಲಿ ಪ್ರತಿ ಸುತ್ತಿನ ನಂತರ ಒಂದೇ ಸಾಲು ಬರೆಯಿರಿ: ಫೇಡ್ ಆಟಗಾರನಾಗಿದ್ದರೆ ಎಡಕ್ಕೆ ಬಾಗಿದವು ಎಷ್ಟು, ಡ್ರಾ ಆಟಗಾರನಾಗಿದ್ದರೆ ಬಲಕ್ಕೆ ಬಾಗಿದವು ಎಷ್ಟು. ಅಂಕಪಟ್ಟಿಯ ಮೊತ್ತಕ್ಕಿಂತ ಮೊದಲು ಆ ಸಂಖ್ಯೆ ಇಳಿಯತೊಡಗುತ್ತದೆ.